ತಂತಿ ಬಿಗಿದ ಬಾಯಿಗೆ ಕುಬ್ಬೂಸ್ ಕಳಿಸಿದವರಿಗೆ

ಮಾನ್ಯ ಆಸ್ಪತ್ರೆ ಆಡಳಿತಾಧಿಕಾರಿಗಳೇ,

ನನ್ನ ಗಂಡ ಎಲಿಯಾಸ್ ನಿಮ್ಮ ಆಸ್ಪತ್ರೆಯಲ್ಲಿ, ನಿಮ್ಮದೇ ಅಡುಗೆಮನೆಯಿಂದ ಹೊತ್ತುಹೊತ್ತಿಗೆ ಬಂದ ಊಟದ ಎದುರು ಹಸಿದು ಮಲಗಿದ್ದರು. ಇದನ್ನು ಕನ್ನಡದಲ್ಲಿ ಬರೆಯುವುದಕ್ಕೆ ಕಾರಣವಿದೆ. ನೀವೂ ನಮ್ಮ ಕರಾವಳಿಯವರೇ. ಇಂಗ್ಲಿಷಿನಲ್ಲಿ ಕೊಟ್ಟ ದೂರಿಗೆ ನಿಮ್ಮ ಕಚೇರಿ 'ಗಮನಿಸಲಾಗಿದೆ' ಎಂದು ಉತ್ತರಿಸಿ ಕೈತೊಳೆದುಕೊಂಡಿತು. ಈ ಬಹಿರಂಗ ಪತ್ರವನ್ನಾದರೆ ಇಲ್ಲಿನ ಕನ್ನಡ ಸಂಘದ ಸಮಾರಂಭದಲ್ಲಿ ನಿಮಗೆ ಶಾಲು ಹೊದಿಸಿದವರೂ ಓದುತ್ತಾರೆ. ಅವರೂ ಗಮನಿಸಲಿ.

ಎಲಿಯಾಸ್ ಒಮಾನಿನ ಸೊಹಾರ್‌ನ ಉಕ್ಕಿನ ಕಾರ್ಖಾನೆಯಲ್ಲಿ ಟೆಕ್ನಿಶಿಯನ್. ಒತ್ತಡಕ್ಕೆ ಪೈಪೊಂದು ಕಿತ್ತುಬಂದು ಮುಖಕ್ಕೆ ಬಡಿದು ಕೆಳದವಡೆ ಮುರಿಯಿತು. ಬಾವು ಇಳಿಯಲಿ ಎಂದು ಶಸ್ತ್ರಚಿಕಿತ್ಸೆಗೆ ಕಾಯಿಸಿದರು. ಅದು ವೈದ್ಯರ ನಿರ್ಧಾರ, ನನ್ನ ತಕರಾರಿಲ್ಲ. ಆದರೆ ದವಡೆ ಮುರಿದವನು ಅಲ್ಲಿಯವರೆಗೆ ಏನನ್ನು ತಿಂದು ಬದುಕಬೇಕೆಂದು ನಿಮ್ಮಲ್ಲಿ ಯಾರಾದರೂ ಕೇಳಿದರೇ? ಆಮೇಲೆ ಬೆಳಗಿನಿಂದ ಸಂಜೆಯವರೆಗೆ ಖಾಲಿ ಹೊಟ್ಟೆಯಲ್ಲಿಟ್ಟು 'ಇವತ್ತು ಆಗುವುದಿಲ್ಲ' ಎಂದರು. ಮರುದಿನವೂ ಅದೇ ಮಾತು. ನಮ್ಮ ಶುಭ ಶುಕ್ರವಾರದ ಉಪವಾಸಕ್ಕಾದರೂ ಒಂದು ಕೊನೆ ಇದೆ, ಸ್ವಾಮಿ.

ಕಡೆಗೂ ಶಸ್ತ್ರಚಿಕಿತ್ಸೆ ಆಯಿತು. ದವಡೆಗೆ ಪ್ಲೇಟ್ ಕೂರಿಸಿ, ಮೇಲಿನ ಹಲ್ಲನ್ನೂ ಕೆಳಗಿನ ಹಲ್ಲನ್ನೂ ತಂತಿಯಿಂದ ಸೇರಿಸಿ ಕಟ್ಟಿದರು. ಒಂದು ಸ್ಟ್ರಾ ತೂರುವಷ್ಟು ಸಂದಿ ಉಳಿಯಿತು. ಆ ಬಾಯಿಗೆ ನೀವು ಕಳಿಸಿದ್ದು ಕುಬ್ಬೂಸ್ ರೊಟ್ಟಿ, ಹುರಿದ ಕೋಳಿ, ಜೊತೆಗೆ ಒಂದು ಇಡೀ ಸೇಬು!

ಮಗಳು ನಿಕೋಲ್‌ಗೆ ಹತ್ತನೆಯ ತರಗತಿಯ ಪರೀಕ್ಷೆ ಇದ್ದುದರಿಂದ ನಾನು ದೂರದ ಸೀಬ್‌ನ ನಮ್ಮ ಮನೆಗೆ ಮರಳಿದ್ದೆ. 'ಊಟ ಬಂತಾ?' ಎಂದು ಮೆಸೇಜ್ ಹಾಕಿದರೆ 'ಬಂತು' ಎಂದು ಎಲಿಯಾಸ್ ಉತ್ತರಿಸುತ್ತಿದ್ದರು. ಸುಳ್ಳಲ್ಲ, ಊಟ ಬಂದಿತ್ತು. ನನ್ನನ್ನು ಗಾಬರಿಪಡಿಸಬಾರದೆಂದು ಮಿಕ್ಕದ್ದನ್ನು ಬರೆಯಲಿಲ್ಲ. ಶುಕ್ರವಾರ ಬಂದು ನೋಡಿದರೆ ಅಂಗಿಯೊಳಗೆ ಮನುಷ್ಯನೇ ಇರಲಿಲ್ಲ. ಮುಟ್ಟದ ತಟ್ಟೆಯನ್ನು ಎತ್ತಲು ಬಂದವನನ್ನು ಕೇಳಿದೆ. "ಖಾನಾ ದೇ ದಿಯಾ ಮೇಡಂ, ಖಲಾಸ್," ಎಂದ. ಊಟ ಕೊಟ್ಟಾಯಿತಂತೆ, ಅಲ್ಲಿಗೆ ಮುಗಿಯಿತಂತೆ. ನರ್ಸ್ ತಲೆತಗ್ಗಿಸಿ ನಿಮ್ಮ ದಾಖಲೆ ಓದಿದರು: 'ರೋಗಿ ಊಟ ನಿರಾಕರಿಸಿದ್ದಾರೆ.'

ನಿಮ್ಮ ಕೋಣೆಗೆ ಬಂದೆ. ನೆನಪಿದೆಯೇ?

"ಊಟ ನಾವು ಸರಿಯಾಗಿ ಕಳ್ಸಿದ್ದೇವೆ ಮೇಡಂ. ತಿನ್ನುದು ಬಿಡುದು ಪೇಶಂಟಿಗೆ ಬಿಟ್ಟದ್ದು," ಎಂದಿರಿ.

"ಬಾಯಿಗೆ ತಂತಿ ಹಾಕಿದ್ದಾರೆ ಸರ್. ತಿನ್ನುದು ಹೇಗೆ?"

"ಹಾಗಾದ್ರೆ ಅವ್ರು ಹೇಳ್ಬೇಕಿತ್ತಲ್ಲ? ಡ್ರಿಪ್ ಉಂಟು ಮಾರಾಯ್ರೆ, ಎಂತ ಆಗುದಿಲ್ಲ."

ಬಾಯಿ ಕಟ್ಟಿದವರು ಬಾಯಿಬಿಟ್ಟು ಹೇಳಬೇಕಿತ್ತಂತೆ! ಡ್ರಿಪ್ಪಿನ ಉಪ್ಪುನೀರಿನಲ್ಲಿ ನೀವು ಎಷ್ಟು ದಿನ ಬದುಕುತ್ತೀರಿ? ಪ್ರಯೋಗ ಮಾಡುವುದಾದರೆ ಪಕ್ಕದಲ್ಲಿ ಕೂತು ನೋಡಲು ನಾನು ಸಿದ್ಧ. ಬಿರಿಯಾನಿಯ ಪಾತ್ರೆಯನ್ನೂ ನಾನೇ ತರುತ್ತೇನೆ.

ನಿಕೋಲಳನ್ನು ನೆರೆಮನೆಯಲ್ಲಿ ಬಿಟ್ಟು, ಕೆಲಸಕ್ಕೆ ರಜೆ ಹಾಕಿ, ಎಲಿಯಾಸರ ಸಹೋದ್ಯೋಗಿ ಮುಹಿಯುದ್ದೀನರ ಮನೆಯಲ್ಲಿ ಉಳಿದೆ. ವೈದ್ಯರನ್ನು ಕೇಳಿ, ಗಂಜಿ, ಬೇಳೆ, ಕೋಳಿಸಾರು ಎಲ್ಲವನ್ನೂ ಮಿಕ್ಸಿಯಲ್ಲಿ ನುಣ್ಣಗೆ ಅರೆದು ಸೋಸಿ ಕುಡಿಸಿದೆ. ಮೊದಲ ಗುಟುಕು ಒಳಗೆ ಹೋದಾಗ ಅವರು ಕಣ್ಣುಮುಚ್ಚಿ ಅತ್ತರು. ಅಷ್ಟರಲ್ಲಿ ತಡವಾಗಿತ್ತು. ಗಾಯ ಕೂಡಲಿಲ್ಲ, ಕೀವು ತುಂಬಿತು, ಪ್ಲೇಟ್ ತೆಗೆದು ಮತ್ತೆ ಕೊಯ್ದರು. "ಮೈಯಲ್ಲಿ ಶಕ್ತಿಯೇ ಇಲ್ಲದಿದ್ದರೆ ಗಾಯ ಮಾಗುವುದು ಹೇಗಮ್ಮಾ?" ಎಂದವರು ನಿಮ್ಮ ಆಸ್ಪತ್ರೆಯ ಸರ್ಜನ್ನರೇ. ಇಂದು ಎಲಿಯಾಸರ ದವಡೆ ಓರೆ, ಮಾತು ತೊದಲು.

ಕ್ಷಮಿಸಿಬಿಡು ಎಂದು ಪಾದ್ರಿಗಳು ಹೇಳಿದರು. "ಖಂಡಿತ ಫಾದರ್, ಮೊದಲು ಅವರಿಗೊಂದು ಗತಿ ಕಾಣಿಸಿ ಬರುತ್ತೇನೆ," ಎಂದೆ. ಕಾರ್ಖಾನೆ ತನ್ನ ಕೆಲಸಗಾರರನ್ನು ಚಿಕಿತ್ಸೆಗೆ ಕಳಿಸುವ ಆಸ್ಪತ್ರೆಗಳ ಪಟ್ಟಿಯಿಂದ ನಿಮ್ಮ ಆಸ್ಪತ್ರೆಯ ಹೆಸರು ಹೋಯಿತಲ್ಲ, ಯಾರ ಕೆಲಸವೆಂದು ನೀವು ವಿಚಾರಿಸುತ್ತಿದ್ದಿರಂತೆ. ನನ್ನದೇ. ಮುಹಿಯುದ್ದೀನರ ಜೊತೆ ಕಾರ್ಮಿಕರ ಕ್ಯಾಂಪಿನ ಬಾಗಿಲು ಬಾಗಿಲಿಗೆ ಹೋಗಿ ಮನವಿಗೆ ಸಹಿ ಹಾಕಿಸಿದೆ. ಅಂದು ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು. ನಾಚಿಕೆಯೇನೂ ಇಲ್ಲ.

ಆದರೂ ಸಾಲದು. ಕತ್ತಿ ಹಿಡಿಯುವ ಮೊದಲೂ ಹೊಲಿಗೆ ಹಾಕಿದ ಮೇಲೂ ಪ್ರತಿ ರೋಗಿಯನ್ನೂ ಆಹಾರತಜ್ಞರು ಕಂಡೇ ತೀರಬೇಕು. ಶಸ್ತ್ರಚಿಕಿತ್ಸೆ ಮುಂದೆ ಹೋದರೆ ಆ ಗಳಿಗೆಯೇ ಊಟ ಕೊಡಬೇಕು. ಊಟ ಉಳಿದ ತಟ್ಟೆ ವಾಪಸಾದರೆ ಯಾಕೆಂದು ಕೇಳಬೇಕು. 'ನಿರಾಕರಿಸಿದ್ದಾರೆ' ಎಂಬ ಆ ಸುಳ್ಳನ್ನು ನಿಮ್ಮ ಕೈಯಾರೆ ತಿದ್ದಬೇಕು.

ನನ್ನ ದೂರಿನ ಮೇಲೆ ಆರೋಗ್ಯ ಇಲಾಖೆಯ ವಿಚಾರಣೆ ಮುಂದಿನ ತಿಂಗಳು. ಅಲ್ಲಿ ನಾನು ಬಾಯಿ ತೆರೆಯುವುದಿಲ್ಲ, ಎಲಿಯಾಸರೇ ಮಾತಾಡುತ್ತಾರೆ. ಒಂದೊಂದು ಪದಕ್ಕೂ ಅವರಿಗೆ ಹೊತ್ತು ಹಿಡಿಯುತ್ತದೆ. ನೀವು ಗಡಿಯಾರ ನೋಡಬಾರದು, ಎದ್ದು ಹೋಗಬಾರದು. ಅವರು ಮುಗಿಸುವವರೆಗೆ ಎದುರು ಕೂತು ಕೇಳಬೇಕು.

ಇಂತಿ,
ಒಳ್ಳೆಯ ಹೆಂಗಸೆಂಬ ಹೆಸರನ್ನು ನಿಮ್ಮ ದೆಸೆಯಿಂದ ಕಳೆದುಕೊಂಡ
ಕಾರ್ಮಿನ್
ಸೀಬ್, ಒಮಾನ್