ದೇವರ ಡಬ್ಬಿಯ ಅಕ್ಕಿ

ನನ್ನ ಯಜಮಾನರಿಗೆ,

ಗದಗಿನಿಂದ ಮದುವೆಯಾಗಿ ವಿಶಾಖಪಟ್ಟಣದ ಕ್ವಾರ್ಟರ್ಸಿಗೆ ಬಂದ ಮೊದಲ ಬೆಳಿಗ್ಗೆ ನೆನಪಿದೆಯೇ? ಅಕ್ಕಿ ತೊಳೆಯಲು ಹೊರಟವಳನ್ನು ತಡೆದು, "ದೇವರ ಪಾಲು ಮೊದಲ ತೆಗಿ. ಉಳಿದದ್ದು ನಮಗ ಸಾಕಾಗತದ" ಎಂದಿರಿ. ಅಂದಿನಿಂದ ಒಲೆ ಹಚ್ಚುವ ಮುಂಚೆ ಒಂದು ಹಿಡಿ ಅಕ್ಕಿ ಆ ತಗಡಿನ ಡಬ್ಬಿಗೆ. ತಿಂಗಳ ಕೊನೆಗೆ ಅದು ಪ್ರಾರ್ಥನೆಗೆ ಬರುವವರ ಊಟಕ್ಕೆ. ಕೈ ಬಿಗಿಯಾದ ತಿಂಗಳಲ್ಲೂ ಆ ಹಿಡಿ ಸಣ್ಣದಾಗಲಿಲ್ಲ.

ಅನಕಾಪಲ್ಲಿ ರಸ್ತೆಯಲ್ಲಿ ಕೊಂಡ ಜಾಗದಲ್ಲಿ ನಾನು ಕಡ್ಡಿಯಿಂದ ಗೆರೆ ಎಳೆದು, ಇಲ್ಲಿ ಅಡುಗೆಮನೆ, ಇಲ್ಲಿ ಕಿಟಕಿ ಎಂದು ತೋರಿಸಿದ್ದೆ. ನೀವು ನಕ್ಕಿರಿ. ಮುಂದಿನ ರವಿವಾರ, ಪ್ರಾರ್ಥನೆಗೆ ಸ್ಥಳವಿಲ್ಲ ಎಂದು ಪಾಸ್ಟರು ಹೇಳಿದಾಗ ಎದ್ದು ನಿಂತು ಆ ಜಾಗ ಕೊಟ್ಟುಬಿಟ್ಟಿರಿ. ನಮ್ಮ ಮನೆ ಯಾವಾಗ ಎಂದು ದಾರಿಯಲ್ಲಿ ಕೇಳಿದೆ. ದೇವರ ಮನೆ ಮೊದಲು ಆಗಲಿ, ನಮ್ಮದನ್ನು ಅವನು ನೋಡಿಕೊಳ್ಳುತ್ತಾನೆ ಎಂದಿರಿ. ನಿವೃತ್ತಿಯಾಯಿತು, ಕ್ವಾರ್ಟರ್ಸ್ ಬಿಟ್ಟೆವು, ನೀವು ಬಾಡಿಗೆ ಮನೆಯಲ್ಲೇ ತೀರಿಕೊಂಡಿರಿ. ಅವನು ನೋಡಿಕೊಳ್ಳುವುದು ಇನ್ನು ಯಾವಾಗ...

ಈಗ ವಿಜಯವಾಡದಲ್ಲಿ, ಮಗ ಸಾಮು ಮನೆಯಲ್ಲಿದ್ದೇನೆ. ಒಳ್ಳೆಯವನೇ. ಅವನ ಕನ್ನಡ ಈಗೀಗ ತೆಲುಗಿನಲ್ಲಿ ಮುಗಿಯುತ್ತದೆ. ಹೋದ ತಿಂಗಳು ರೈಲಿನಲ್ಲಿ ಇಬ್ಬರೂ ನೀವು ಕೊಟ್ಟ ಜಾಗದಲ್ಲಿ ಕಟ್ಟಿದ ಪ್ರಾರ್ಥನಾ ಮಂದಿರ ನೋಡಲು ಹೋದೆವು. ಇದನ್ನು ನಿಮಗೆ ಹೇಳಬಾರದು ಎಂದುಕೊಂಡಿದ್ದೆ. ಬಾಗಿಲಿಗೆ ಎರಡು ಬೀಗ. ಪಾಸ್ಟರು ತೀರಿಕೊಂಡ ಮೇಲೆ ಅವರ ಮಗನ ಕಡೆಯವರದೊಂದು, ಸಭೆಯ ಹಿರಿಯರದೊಂದು. ಕಟ್ಟಡ ತಮ್ಮದೇ ಎಂದು ಎರಡೂ ಕಡೆಯವರು ಕೋರ್ಟಿಗೆ ಹೋಗಿದ್ದಾರೆ. ಕಿಟಕಿಯಲ್ಲಿ ಇಣುಕಿದೆ. ನನ್ನ ಒಲೆ ಇರಬೇಕಾಗಿದ್ದ ಜಾಗದಲ್ಲಿ ಪ್ರಸಂಗಪೀಠ, ಅದರ ತುಂಬ ಪಾರಿವಾಳದ ಹಿಕ್ಕೆ. ಮೆಟ್ಟಿಲ ಮೇಲೆ ಕೂತು ಪ್ರಾರ್ಥಿಸಲು ನೋಡಿದೆ. ಬಾಯಿ ಬರಲಿಲ್ಲ.

ರೈಲಿನಲ್ಲಿ ವಾಪಸ್ಸು ಬರುವಾಗ ಸಾಮು, ಜಾಗ ನಮ್ಮದು ಎಂದು ನಾವೂ ಕೇಳೋಣ, ನಿನಗೊಂದು ಮನೆಯಾಗುತ್ತದೆ ಎಂದ.

"ಅವ್ವಾ, ದೇವರಂತೂ ಅದನ್ನ ಬಳಸವಲ್ಲ. ನಾವಾರ ಬಳಸೋಣ, ಕದಾ?"

ನೀವಿದ್ದರೆ ಇದಕ್ಕೆ ಏನು ಹೇಳುತ್ತಿದ್ದಿರಿ? ಕೊಟ್ಟದ್ದನ್ನು ತಿರುಗಿ ಬೇಡಬಾರದಪ್ಪಾ ಎಂದಷ್ಟೇ ನನಗೆ ತೋಚಿತು, ಅದನ್ನೇ ಹೇಳಿದೆ.

ನಾನಿರುವ ತನಕ ಆ ಜಾಗ ಕೇಳುವುದಿಲ್ಲ. ಇಷ್ಟು ಮಾತು ಕೊಡಬಲ್ಲೆ. ಅದಕ್ಕಿಂತ ಹೆಚ್ಚಿನದನ್ನು, ನಂಬಿಕೆ ಗಿಂಬಿಕೆ ಎಂದು, ನನ್ನ ಹತ್ತಿರ ಕೇಳಬೇಡಿ.

ಡಬ್ಬಿಯನ್ನು ಇಲ್ಲಿಗೂ ತಂದಿದ್ದೆ. ತುಂಬಿತ್ತು. ಯಾರಿಗೆ ಕೊಡಲಿ? ಹುಳ ಬಿತ್ತು. ಎಸೆಯಲೇ ಅತ್ತಮ್ಮಾ ಎಂದು ಸೊಸೆ ಮೆಲ್ಲಗೆ ಕೇಳಿದಳು. ಹೂಂ ಅಂದೆ. ಡಬ್ಬಿಯನ್ನು ತೊಳೆದು, ಒಣಗಿಸಿ, ಇದ್ದಲ್ಲಿಯೇ ಇಟ್ಟಳು.

ಮರುದಿನ ಬೆಳಿಗ್ಗೆ ಅಕ್ಕಿ ತೊಳೆಯುವ ಮೊದಲು ಕೈ ತಾನಾಗಿ ಅತ್ತ ಹೋಯಿತು. ಖಾಲಿ ತಗಡಿನ ಮೇಲೆ ಅಕ್ಕಿ ಬಿದ್ದ ಸದ್ದಿಗೆ, ಏನಾಯಿತು ಎಂದು ಸಾಮು ಹೊರಗಿನಿಂದ ಕೇಳಿದ.

ಏನೂ ಇಲ್ಲ ಎಂದೆ.