ಅಳಿಸಿಹೋದ ನೇರಳೆ ಗೆರೆ

ಮದರಾಸು
ದೀಪಾವಳಿಯ ಮರುದಿನ, 1964

ಅಮ್ಮಾ,

ಇವತ್ತು ಪುರಸೈವಾಕ್ಕಂನ ನಮ್ಮೂರ ಹೋಟೆಲಿನವರ ಮನೆಯ ಗುಣವತಿ ಗೆಡ್ಡೆಗೆ ಕಿರಣ ಹಾಯಿಸುವ ಕೋಬಾಲ್ಟ್ ಯಂತ್ರದ ಕೆಳಗೆ ಮಲಗಿದಳು. ಅವಳ ಕುತ್ತಿಗೆಯ ಮೇಲೆ ನಾವು ಎಕ್ಸ್‌ರೇ ನೋಡಿ ಎಳೆದಿದ್ದ ನೇರಳೆ ಗೆರೆ ಇರಲಿಲ್ಲ. ಕಿರಣ ಎಲ್ಲಿ ಬೀಳಬೇಕೆಂದು ಹೇಳುವುದು ಅದೊಂದೇ.

"ಹಬ್ಬಕ್ಕೆ ಎಣ್ಣೆ ಹಚ್ಚಿ ಮೀಯದೆ ಇರ್ಲಿಕ್ಕೆ ಆಗ್ತದಾ?" ಎಂದಳು.

ಹೊರಗೆ ಹದಿನಾಲ್ಕು ಮಂದಿ ಕಾಯುತ್ತಿದ್ದರು. ಜಾಗ ನಿನಗೇ ಗೊತ್ತಲ್ಲ, ಬೇಗ ಬರೆದುಬಿಡು ಎಂದು ಡಾಕ್ಟರು ತಮಿಳಿನಲ್ಲಿ ಗದರಿದರು. ಪೆನ್ನು ಕೈಯಲ್ಲೇ ಇತ್ತು. ಅದನ್ನು ಮೇಜಿನ ಮೇಲಿಟ್ಟು, ಹೊಸ ಎಕ್ಸ್‌ರೇ ಆಗದೆ ಯಂತ್ರ ಚಾಲು ಮಾಡುವುದಿಲ್ಲ ಎಂದೆ. ಅವರಿಗೆ ನಾನು ಎದುರಾಡಿದ್ದು ಇದೇ ಮೊದಲು. ಅರ್ಧ ಗಂಟೆಯ ಮೇಲೆ ಎಕ್ಸ್‌ರೇ ಫಿಲ್ಮ್ ಬಂತು. ನಾನು ನೆನಪಿನಿಂದ ಎಳೆಯಲಿದ್ದ ಜಾಗಕ್ಕಿಂತ ಸರಿಯಾದ ಜಾಗ ಒಂದು ಬೆರಳು ಕೆಳಗಿತ್ತು.

ಹೋದ ದೀಪಾವಳಿಗೆ ನೀನೂ ಹೀಗೆಯೇ ಮಿಂದು, ಕುತ್ತಿಗೆಯ ಗೆರೆ ಅಳಿಸಿಕೊಂಡು ಇದೇ ಯಂತ್ರದ ಕೆಳಗೆ ಮಲಗಲು ಬಂದಿದ್ದೆ. ಅಂದು ನಾನು ಫಿಲ್ಮ್ ಕೇಳಲಿಲ್ಲ, ಯಾರಿಗೂ ಹೇಳಲೂ ಇಲ್ಲ. ನೆನಪಿನಿಂದಲೇ ಎಳೆಯಲು ಪೆನ್ನಿನ ಮುಚ್ಚಳ ತೆಗೆದೆ. ನೀನು ಕಣ್ಣು ಮುಚ್ಚಿ, ಕತ್ತು ಚಾಚಿ ಹೇಳಿದೆ:

"ನೀನೇ ಬರಿಯುದಲ್ವಾ ಮಗಾ, ಸರಿಯೇ ಇರ್ತದೆ."

ಕೃಷ್ಣರಾಜ