ಏಳನೆಯ ತೊಲೆಯ ಬಗ್ಗೆ ಒಂದು ವಿನಂತಿ

ಇಸವಿ ೨೨೧೪, ಮೇ ೩೨

ಶಹಾಬಾದಿನ ಕಲ್ಲುಪುಡಿ ಶೆಡ್ಡಿನ ಎರಡನೇ ಪಾಳಿಯವರಿಗೆ ಗುರುಬಾಯಿಯ ಶರಣು.

ತಾರೀಖು ನೋಡಿ ನಗಬೇಡಿ. ಬೇಸಿಗೆ ಉದ್ದವಾಯಿತೆಂದು ನಮ್ಮ ಹಿರಿಯರು ಮೇ ತಿಂಗಳಿಗೆ ಎರಡು ದಿನ ಸೇರಿಸಿಬಿಟ್ಟರು. ಬಿಸಿಲು ಇಳಿಸಲು ಅವರಿಂದ ಆಗಲಿಲ್ಲ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ಹಾಸುಗಲ್ಲು ಕೊಯ್ದಾಗ ಉಳಿಯುವ ಕೆಸರನ್ನು ಒಣಗಿಸಿ, ಪುಡಿ ಮಾಡಿ, ಕರಗಿದ ಪ್ಲಾಸ್ಟಿಕ್ಕಿಗೆ ಬೆರೆಸಿ ನೀವು ಎರಕ ಹೊಯ್ಯುವ ತೊಲೆಗಳಿಗೆ ನಾವು ಕಲ್ಮೇಣ ಎನ್ನುತ್ತೇವೆ. ಬರಿಯ ಪ್ಲಾಸ್ಟಿಕ್ ಭಾರಕ್ಕೆ ಬಾಗುತ್ತದೆ, ಕಲ್ಲುಪುಡಿ ಸೇರಿದರೆ ಬಿಗಿಯಾಗಿ ನಿಲ್ಲುತ್ತದೆ. ಇಲ್ಲಿ ಮರ ಕಡಿಯುವಂತಿಲ್ಲ, ಕಬ್ಬಿಣ ಸಿಗುವುದಿಲ್ಲ. ನಮ್ಮ ಬಾಗಿಲು, ಮಂಚ, ಬಾವಿಯ ರಾಟೆ ಎಲ್ಲವೂ ಕಲ್ಮೇಣದವೇ. ನಿಮ್ಮ ಕಾಲದವರು ಕಸವೆಂದು ರಸ್ತೆ ಬದಿಗೆ ಸುರಿದದ್ದರ ಮೇಲೆ ನಾವು ಮಲಗಿ ಏಳುತ್ತೇವೆ.

ನಾನು ಈ ಊರಿನ ಕಿವಿಗಾರ್ತಿ. ಅಂದರೆ ಹಳೆಯ ತೊಲೆಗಳನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದು, ಸದ್ದು ಕೇಳಿ, ಗಟ್ಟಿಯೋ ಪೊಳ್ಳೋ ಹೇಳುವವಳು. ಗಟ್ಟಿ ಎಂದವಳು ಭಾರ ಹೇರುವಾಗ ಆ ತೊಲೆಯ ಕೆಳಗೆ ನಿಲ್ಲಬೇಕು. ಇದು ನಮ್ಮ ಪದ್ಧತಿ, ಯಾರೂ ತಪ್ಪಿಸಿದ್ದಿಲ್ಲ.

ನಮ್ಮ ಹೊಸ ನೀರಿನ ಟಾಕಿ ಅಂಥ ಹನ್ನೆರಡು ತೊಲೆಗಳ ಮೇಲೆ ಕೂತಿದೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಅದಕ್ಕೆ ಮೊದಲ ಬಾರಿ ನೀರು ತುಂಬುತ್ತಾರೆ. ನಾನು ಬಡಿದಾಗ ಹನ್ನೊಂದು ತೊಲೆ ಕಂಚಿನ ಗಂಗಾಳದಂತೆ ಖಣಖಣ ಎಂದವು. ಏಳನೆಯದು ಸದ್ದನ್ನು ನುಂಗಿಕೊಂಡಿತು. ಅದರ ತುದಿಯಲ್ಲಿ ಎರಕದ ಅಕ್ಷರಗಳಿವೆ: ಆಗಸ್ಟ್ ೨೦೨೮, ಎರಡನೇ ಪಾಳಿ. ಆಗಸ್ಟ್ ಎಂದರೆ ಮಳೆ. ತೇವ ಹಿಡಿದ ಪುಡಿ ಕಾದ ಪ್ಲಾಸ್ಟಿಕ್ಕಿಗೆ ಬಿದ್ದರೆ ಆವಿ ಎದ್ದು ತೊಲೆಯೊಳಗೆ ಗುಳ್ಳೆಗಳು ಉಳಿಯುತ್ತವೆ. ಅಥವಾ ತೊಲೆ ಕಂಬದ ಮೇಲೆ ಸರಿಯಾಗಿ ಕೂರದೆ ಸದ್ದು ಮಂಕಾಗಿರಬಹುದು. ಯಾವುದೆಂದು ನನಗೆ ಗೊತ್ತಿಲ್ಲ.

ಗೊತ್ತಿಲ್ಲವೆಂದೇ ಪಂಚಾಯಿತಿಯಲ್ಲಿ ಹೇಳಬೇಕಿತ್ತು. ಹೋದ ವರ್ಷ ತೊಲೆ ಪೊಳ್ಳೆಂದು ಹೇಳಿ ಒಂದು ಟಾಕಿಯನ್ನು ಇಳಿಸಿದ್ದೆ. ತೊಲೆ ಕೊಯ್ದು ನೋಡಿದರೆ ಒಳಗೆಲ್ಲ ಗಟ್ಟಿ. ಬೇಸಿಗೆಯಿಡೀ ಊರಿನವರು ಮೂರು ಮೈಲಿಯಿಂದ ನೀರು ಹೊತ್ತರು. ಅಂದಿನಿಂದ ಹೆಂಗಸರು ನನ್ನ ಬಾಗಿಲಲ್ಲಿ ಕೊಡ ಬಡಿದು, "ಗುರುಬಾಯಿ, ಸಪ್ಪಳ ಕೇಳಿ ಹೇಳವಾ, ಇದು ಗಟ್ಟಿ ಅದನೋ ಪೊಳ್ಳ ಅದನೋ?" ಎಂದು ಕೆಣಕುತ್ತಾರೆ. ಆ ಉರಿಗೆ ನಿನ್ನೆ ಎಲ್ಲರೆದುರು "ಹನ್ನೆರಡೂ ಗಟ್ಟಿ ಅವ" ಎಂದುಬಿಟ್ಟೆ.

ನನ್ನ ಗಂಡ ರೇವಪ್ಪ ಟಾಕಿಗೆ ನೀರು ಬಿಡುವವನು. ಮೂವತ್ತು ವರ್ಷ ನನ್ನ ಮುಖ ನೋಡಿದವನಿಗೆ ನನ್ನ ಸುಳ್ಳು ಹೇಳದೆಯೇ ತಿಳಿಯಿತು. ಬಯ್ಯಲಿಲ್ಲ. ಇಂದು ಮಧ್ಯಾಹ್ನ ಊಟಕ್ಕೆ ಕೂತಾಗ, "ಚಾವಿ ತಮ್ಮನ ಕೈಯಾಗ ಕೊಟ್ಟೀನಿ. ನಾಳಿ ನಿನ್ನ ಬಾಜೂಕ ನಾನೂ ನಿಂದರತೀನಿ" ಎಂದ. ನನ್ನ ಹಟಕ್ಕೆ ನಾನು ಸಾಯಲು ತಯಾರಿದ್ದೆ, ಅವನ ವಿಚಾರ ತಲೆಗೇ ಬಂದಿರಲಿಲ್ಲ.

ಅದಕ್ಕೇ ಈ ಕಾಗದ. ನಮ್ಮಲ್ಲಿಂದ ಹಿಂದಿನ ಕಾಲಕ್ಕೆ ಕಾಗದ ಹೋಗುತ್ತದೆ, ಉತ್ತರ ಮಾತ್ರ ಬರುವುದಿಲ್ಲ. ಆದರೆ ನಿಮ್ಮ ತೊಲೆ ಬಂದಿದೆಯಲ್ಲ! ಆ ಆಗಸ್ಟ್ ನಿಮಗಿನ್ನೂ ಬಂದಿರಲಿಕ್ಕಿಲ್ಲ. ಬಂದಾಗ ಪುಡಿಯನ್ನು ಚೆನ್ನಾಗಿ ಒಣಗಿಸಿದರೆ, ತೊಲೆಯ ತುದಿಯಲ್ಲಿ, ತಾರೀಖಿನ ಕೆಳಗೆ, ಮೊಳೆಯಿಂದ ಒಂದು ಗೆರೆ ಎಳೆಯಿರಿ. ಅವಸರದಲ್ಲಿ ಹಸಿ ಪುಡಿ ಬಿದ್ದುಹೋದರೆ ಎರಡು ಎಳೆಯಿರಿ. ನಾನು ಬಯ್ಯುವುದಿಲ್ಲ, ಇಲ್ಲಿಂದ ಬಯ್ದರೆ ನಿಮಗೆ ಕೇಳಿಸುವುದೂ ಇಲ್ಲ. ಇಂದು ಸಂಜೆ ಒರೆಸಿ ನೋಡಿದೆ, ಆ ಜಾಗ ನುಣ್ಣಗಿದೆ; ಕಾಗದ ಇನ್ನೂ ನಿಮಗೆ ಮುಟ್ಟಿಲ್ಲವಲ್ಲ. ನಾಳೆ ನೀರು ಬಿಡುವ ಮುಂಚೆ ಇನ್ನೊಮ್ಮೆ ನೋಡುತ್ತೇನೆ.

ಒಂದು ಗೆರೆ ಕಂಡರೆ ಇಬ್ಬರೂ ನಿಲ್ಲುತ್ತೇವೆ. ಎರಡು ಕಂಡರೆ, ಇಲ್ಲವೇ ಏನೂ ಕಾಣದಿದ್ದರೆ, ನಿನ್ನೆ ನಾನು ಹೇಳಿದ್ದು ಸುಳ್ಳೆಂದು ನೆರೆದ ಊರಿನ ಮುಂದೆ ಒಪ್ಪಿಕೊಳ್ಳುತ್ತೇನೆ. ಅವರು ಇನ್ನೊಂದು ಬೇಸಿಗೆ ನೀರು ಹೊರಬೇಕಾಗುತ್ತದೆ, ಅವರೊಡನೆ ನಾನೂ ಹೊರುತ್ತೇನೆ. ಈ ಕೆಲಸವನ್ನು ನನ್ನಿಂದ ಕಿತ್ತುಕೊಂಡರೆ ಕಿತ್ತುಕೊಳ್ಳಲಿ. ರೇವಪ್ಪ ಆ ತೊಲೆಯ ಕೆಳಗೆ ನಿಲ್ಲುವುದು ಬೇಡ.

ಕಿವಿಗಾರ್ತಿ ಗುರುಬಾಯಿ